ಬಂಡ್ರಿ ಸೀಮೆಯ ಮಾಳಿಗೆಮನೆಗಳು

ಮಾಳಿಗೆ ಎಂಬ ಶಬ್ದವನ್ನು ಕೇಳಿದೊಡನೆ ಮೈಸೂರು ಸೀಮೆಯವರ ಮನಸ್ಸಿಗೆ ಮೇಲಂತಸ್ತು ಬರುವುದು. ಸಂಡೂರು ತಾಲ್ಲೂಕಿನ ಬಂಡ್ರಿಯಿಂದ ಹೊಸಪೇಟೆ, ಕಂಪ್ಲಿಗಳವರೆಗಿನ ನಾಡಿನಲ್ಲಿಯಾದರೋ ಮಣ್ಣು ಹೊದಿಸಿದ ಸಮತಲದ ಛಾವಣಿಯೇ ಮಾಳಿಗೆ. ಅಂಥ ಛಾವಣಿಯುಳ್ಳ ಒಂದಂತಸ್ತಿನ ಮನೆಯೇ ಮಾಳಿಗೆಮನೆ. ಈ ಭೇದವನ್ನರಿಯದೆ ಆ ಕಡೆಯ ಕಥೆ, ಲಾವಣಿಗಳನ್ನು ಪಾಠಹೇಳುವವರು ಬಡ ಒಕ್ಕಲಿಗನಿಗೂ ಉಪ್ಪರಿಗೆಯನ್ನು ದಯಪಾಲಿಸಿಬಿಡುವರು!

ಸಂಸ್ಕೃತ ನಿಘಂಟುಗಳು ಇಲ್ಲಿ ನಮಗೆ ಅಷ್ಟಾಗಿ ನೆರವಾಗಲಾರವು. ಅಮರಸಿಂಹನು ಪುರವರ್ಗದಲ್ಲಿ ಛಾವಣಿಗೆ ಪಟಲವೆಂದೂ, ಅದರ ಅಂಚಿಗೆ ವಲೀಕ, ನೀಧ್ರಗಳೆಂದೂ, ಹೊದಿಕೆಯನ್ನು ಹೊರುವ ಬಾಗಿದ ಮರಕ್ಕೆ ಗೋಪಾನಸಿಯೆಂದೂ ಹೆಸರು ಕೊಟ್ಟಿರುವನು. ಇವು ಇಳಿಜಾರಿನ ಮನೆಗೆ ಹೆಚ್ಚಾಗಿ ಒಪ್ಪುವ ಮಾತುಗಳು. ಮಾಳಿಗೆಯಲ್ಲಿ ಬಾಗಿದ ಮರಕ್ಕೆ ಕೆಲಸವೇ ಇಲ್ಲ.

ದಪ್ಪ ಗೋಡೆಗಳ ಮೇಲೂ ಕಂಬಗಳ ಮೇಲೂ ತೊಲೆಗಳನ್ನಿಟ್ಟು, ಅವುಗಳ ಮೇಲೆ ಅಡ್ಡಲಾಗಿ ಜಂತೆಗಳನ್ನು ಜೋಡಿಸುವರು. ಜಂತೆಗಳ ಮೇಲೆ ಸೀಳುಕಟ್ಟಿಗೆ, ಸೊಪ್ಪುಸದೆಗಳನ್ನು ಹರಡಿ ಮಣ್ಣು ತುಂಬಿ ತುಳಿಯುವರು. ಎಲ್ಲಕ್ಕೂ ಮೇಲಿನದು ಸವಳುಮಣ್ಣಿನ ಪದರ. ಪೈರಿಗೆ ಕೇಡಾದ ಈ ಮಣ್ಣೇ ಮನೆಗೆ ರಕ್ಷೆಯಾಗುವುದು ವಿಚಿತ್ರವಾದರೂ ಸಕಾರಣವಾದುದು: ಅದರಲ್ಲಿನ ಲವಣಾಂಶದಿಂದ ಜೇಡಿಯ ಕಣಗಳು ನೀರು ಸೋಕಿದೊಡನೆ ಉಬ್ಬಿ ಹರಡಿ ಸಂದುಗಳನ್ನು ಮುಚ್ಚುವುವು. ವರ್ಷಕ್ಕೆ ಸಾಮಾನ್ಯವಾಗಿ 500ರಿಂದ 750 ಮಿಲಿಮೀಟರು ಮಳೆ ಬೀಳುವ ಸೀಮೆಗೆ ಇದು ಸಾಕು; ಕರಾವಳಿಯಲ್ಲಾದರೆ ಒಂದೇ ಆಷಾಢಕ್ಕೆ ಕುಸಿದೀತು. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕುವುದೂ ಅವಶ್ಯವೇ. ಹೀಗೆ ಹಾಕುತ್ತ ಹಾಕುತ್ತ ಭಾರ ಹೆಚ್ಚಿ ತೊಲೆ ಮುರಿಯುವುದುಂಟು. ನೀರು ದೋಣಿಯ ಮೂಲಕ ಬೀದಿಗೆ ಬೀಳುವುದು. ಬೆಳಕು ಛಾವಣಿಯ ಬೆಳಕಿಂಡಿಯಿಂದ ಒಳಗಿಳಿಯುವುದು. ಮಳೆ ಬಂದಾಗ ಬೆಳಕಿಂಡಿಗೆ ಮುಚ್ಚಳ. ಮೆಣಸಿನಕಾಯಿ ಒಣಗಿಸುವುದಕ್ಕೂ ಬೇಸಗೆಯ ರಾತ್ರಿ ಮಲಗುವುದಕ್ಕೂ ಮಾಳಿಗೆಯೇ ಅಂಗಳ.

ಈ ಬಗೆಯ ಛಾವಣಿಯು 1565ರಲ್ಲಿ ವಿಜಯನಗರವು ಹಾಳಾದ ಬಳಿಕ ಬಂದ ರೂಢಿಯೆಂಬ ಊಹೆ ನಿಲ್ಲತಕ್ಕುದಲ್ಲ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸನಾದ ಡೊಮಿಂಗೋ ಪೇಸನು ಸಮತಲ ಛಾವಣಿಯ, ಕಂಬಸಾಲಿನ, ಒಂದಂತಸ್ತಿನ ಮನೆಗಳನ್ನು ವರ್ಣಿಸಿರುವನು. ರಾಬರ್ಟ್ ಸೀವೆಲ್ಲರು 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ನೋಡಬಹುದು. ಆದರೆ ಪೇಸನು ಹೇಳಿದುದು ಸಿರಿವಂತರ ಮನೆಗಳನ್ನು. ಆ ಮಾತನ್ನು ಒಕ್ಕಲಿಗನ ಮಾಳಿಗೆಗೆ ನೇರವಾಗಿ ಅನ್ವಯಿಸಲಾಗದು. ಅವನಿಗಿಂತ ತುಸು ಹಿಂದಿನ ಬಾರ್ಬೋಸನು ಜನಸಾಮಾನ್ಯರ ಹುಲ್ಲುಹೊದಿಕೆಯ ಮನೆಗಳನ್ನು ಹೇಳಿರುವನು. ಎರಡೂ ಅಕ್ಕಪಕ್ಕದಲ್ಲಿದ್ದುವೆಂದೇ ತಿಳಿಯಬೇಕು. ಹಂಪೆಯ ಬಜಾರಿನ ಮಂಟಪಗಳ ಚಪ್ಪಡಿ ಛಾವಣಿಗಳು ಇಂದಿಗೂ ನಿಂತಿರುವುವು. ಅರಮನೆಗಳಲ್ಲಿಯಾದರೋ ಮರದ ಭಾಗಗಳು ಸುಟ್ಟುಹೋಗಿ, ಬಹುಮಟ್ಟಿಗೆ ಅಧಿಷ್ಠಾನಗಳು ಮಾತ್ರ ಉಳಿದಿವೆ.

ಈಚೆಗೆ ಸಿಮೆಂಟಿನ ಛಾವಣಿಗೂ ಜನರು ಮಾಳಿಗೆಯೆಂದೇ ಹೇಳುತ್ತಿರುವರು. ಹೆಸರು ಹೀಗೆ ಹೊಸ ಮನೆಗೆ ಸಾಗಿತು. ಜಂತೆ, ಸವಳು, ಬೆಳಕಿಂಡಿಗಳು ಅದರೊಡನೆ ಸಾಗಲಿಲ್ಲ.