ರೆಸ್ಯೂಮ್ ಬೇಕೋ, ಸಿ.ವಿ. ಬೇಕೋ? ಗಡಿನಾಡಿನ ಉದ್ಯೋಗಾಕಾಂಕ್ಷಿಗಳಿಗೆ ಮಾಹಿತಿ

ಕೆಲಸಕ್ಕೆ ಅರ್ಜಿ ಹಾಕುವಾಗ ಕೆಲವರು ರೆಸ್ಯೂಮ್ ಕೇಳುತ್ತಾರೆ, ಕೆಲವರು ಸಿ.ವಿ. ಕೇಳುತ್ತಾರೆ, ಊರಿನ ಶಾಲೆ ಅಂಗಡಿಗಳಲ್ಲಿ ಇಂದಿಗೂ ಬಯೋಡೇಟಾ ಎನ್ನುತ್ತಾರೆ. ಮೂರೂ ಒಂದೇ ಎಂದುಕೊಂಡು ನಮ್ಮ ಅನೇಕ ಮಕ್ಕಳು ಡಿಟಿಪಿ ಅಂಗಡಿಯ ಸಿದ್ಧ ನಮೂನೆಗೆ ಹೆಸರು ತುಂಬಿಸಿ ಎಲ್ಲ ಕಡೆಗೂ ಅದನ್ನೇ ಕಳುಹಿಸುತ್ತಾರೆ. ಗಡಿಯಾಚೆ ಓದಿದವರಿಗೆ ಇದರಿಂದ ನಷ್ಟ ಹೆಚ್ಚು. ನಾವು ಓದಿದ ಮಂಡಳಿ, ಬರೆದ ಪರೀಕ್ಷೆಗಳ ಹೆಸರು ಬೇರೆ ರಾಜ್ಯದಲ್ಲಿ ಕುಳಿತು ಅರ್ಜಿ ನೋಡುವವರಿಗೆ ಪರಿಚಿತವಲ್ಲ.

ವ್ಯತ್ಯಾಸವೇನು?

ರೆಸ್ಯೂಮ್ ಫ್ರೆಂಚ್ ಮೂಲದ ಪದ, ಅರ್ಥ ಸಾರಾಂಶ. ಒಂದು, ಹೆಚ್ಚೆಂದರೆ ಎರಡು ಪುಟ. ಆ ಕೆಲಸಕ್ಕೆ ಬೇಕಾದ ಅನುಭವ, ಕೌಶಲ, ಓದು ಇಷ್ಟೇ ಇರಬೇಕು. ಕೆಲಸ ಬದಲಾದಂತೆ ಅದನ್ನೂ ತಿದ್ದಬೇಕು.

ಸಿ.ವಿ. ಅಂದರೆ ಕರಿಕ್ಯುಲಮ್ ವೀಟೆ. ಲ್ಯಾಟಿನ್ ಭಾಷೆಯಲ್ಲಿ ಬದುಕಿನ ಹಾದಿ ಎಂದರ್ಥ. ಪದವಿ, ಸಂಶೋಧನೆ, ಪ್ರಕಟಿತ ಲೇಖನ, ವಿಚಾರ ಸಂಕಿರಣ, ಬೋಧನಾನುಭವ ಎಲ್ಲವೂ ಇದರಲ್ಲಿ ಸೇರುತ್ತವೆ. ಪುಟಗಳಿಗೆ ಮಿತಿಯಿಲ್ಲ.

ಯಾವಾಗ ಯಾವುದು?

ಹೊಸೂರಿನ ಕಾರ್ಖಾನೆ, ಬೆಂಗಳೂರಿನ ಐಟಿ ಕಂಪನಿ, ಖಾಸಗಿ ಬ್ಯಾಂಕು ಇಂಥ ಕಡೆಗೆ ರೆಸ್ಯೂಮ್. ಕಾಲೇಜು ಅಧ್ಯಾಪಕ ಹುದ್ದೆ, ಪಿಎಚ್.ಡಿ., ಸಂಶೋಧನಾ ಸಂಸ್ಥೆಗಳಿಗೆ ಸಿ.ವಿ. ಆದರೆ ಬ್ರಿಟನ್ನಿನಲ್ಲಿ ಸಿ.ವಿ. ಎಂದರೆ ಸಾಮಾನ್ಯವಾಗಿ ಎರಡು ಪುಟದ ರೆಸ್ಯೂಮೇ; ನಮ್ಮ ಕಂಪನಿಗಳೂ ಹಲವು ಸಲ ಅದೇ ಅರ್ಥದಲ್ಲಿ ಹೇಳುತ್ತವೆ. ಹಾಗಾಗಿ ಪದವನ್ನಲ್ಲ, ಕೆಲಸವನ್ನು ನೋಡಿ ನಿರ್ಧರಿಸಿ. ಸರ್ಕಾರಿ ನೇಮಕಾತಿಯಲ್ಲಿ ಸಾಮಾನ್ಯವಾಗಿ ಇವೆರಡೂ ನಡೆಯುವುದಿಲ್ಲ. ಅಧಿಸೂಚನೆಯಲ್ಲಿ ಹೇಳಿದ ಅರ್ಜಿ ನಮೂನೆಯನ್ನೇ ತುಂಬಬೇಕು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದದ್ದು

1. ಪರೀಕ್ಷೆಯ ಹೆಸರು: ಸೊಲ್ಲಾಪುರದ ಎಚ್.ಎಸ್.ಸಿ., ಕಾಸರಗೋಡಿನ ಪ್ಲಸ್ ಟು, ಆದೋನಿಯ ಇಂಟರ್‌ಮೀಡಿಯೆಟ್, ಕರ್ನಾಟಕದ ಪಿಯುಸಿ ಎಲ್ಲವೂ 12ನೇ ತರಗತಿಯ ಮಟ್ಟದವು. ಪರೀಕ್ಷೆಯ ಹೆಸರಿನ ಜೊತೆಗೆ "12ನೇ ತರಗತಿ" ಎಂದೂ ಮಂಡಳಿಯ ಹೆಸರನ್ನೂ ಬರೆಯಿರಿ.

2. ನಿಮ್ಮ ಹೆಸರು: ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬರುತ್ತದೆ, ತಮಿಳುನಾಡು, ಕೇರಳದಲ್ಲಿ ಇನಿಶಿಯಲ್ ರೂಢಿ. ಅಂಕಪಟ್ಟಿ, ಆಧಾರ್, ರೆಸ್ಯೂಮ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ.

3. ಭಾಷೆಗಳು: ಕಾಸರಗೋಡಿನ ಒಬ್ಬ ಹುಡುಗಿಗೆ ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ಬರುವುದು ನಮಗೆ ದೊಡ್ಡದಲ್ಲ; ಗ್ರಾಹಕ ಸೇವೆ, ಆಸ್ಪತ್ರೆ, ಬ್ಯಾಂಕುಗಳಿಗೆ ಅದು ದೊಡ್ಡದು. ಯಾವುದನ್ನು ಓದಬಲ್ಲಿರಿ, ಯಾವುದನ್ನು ಬರೆಯಬಲ್ಲಿರಿ, ಯಾವುದನ್ನು ಮಾತ್ರ ಆಡಬಲ್ಲಿರಿ ಎಂದು ಬೇರೆ ಬೇರೆಯಾಗಿ ತಿಳಿಸಿ. ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಮುಚ್ಚಿಡಬೇಡಿ.

4. ಅರ್ಹತಾ ಪರೀಕ್ಷೆ: ಅಧ್ಯಾಪಕ ಹುದ್ದೆಗೆ ನೆಟ್ ದೇಶದೆಲ್ಲೆಡೆ ಸಲ್ಲುತ್ತದೆ. ಆದರೆ 2002ರ ಜೂನ್ ನಂತರ ನಡೆದ ರಾಜ್ಯ ಮಟ್ಟದ ಸೆಟ್ ಆಯಾ ರಾಜ್ಯಕ್ಕೆ ಮಾತ್ರ. ಕೇರಳದ ಸೆಟ್ ಹೈಯರ್ ಸೆಕೆಂಡರಿ ಶಿಕ್ಷಕರಿಗಾಗಿ ಇರುವಂಥದ್ದು. ಸಿ.ವಿ.ಯಲ್ಲಿ ಬರೀ "ಸೆಟ್" ಎನ್ನದೆ ರಾಜ್ಯ, ವರ್ಷ, ವಿಷಯ ನಮೂದಿಸಿ.

5. ಅಕ್ಷರ: ಕನ್ನಡ ಪತ್ರಿಕೆ, ಪ್ರಕಾಶನಗಳಿಗೆ ಕನ್ನಡದಲ್ಲೇ ಕಳುಹಿಸುವುದಾದರೆ ಯುನಿಕೋಡ್ ಬಳಸಿ, ಪಿಡಿಎಫ್ ಮಾಡಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.

ಜಾತಿ, ಧರ್ಮ, ತಂದೆಯ ಉದ್ಯೋಗ ಇವು ಮದುವೆಯ ಬಯೋಡೇಟಾಕ್ಕೆ ಸರಿ, ರೆಸ್ಯೂಮಿಗೆ ಬೇಡ. ಮಾಡದ ಕೆಲಸ, ಬಾರದ ಭಾಷೆ ಬರೆಯಲೇಬೇಡಿ; ಸಂದರ್ಶನದ ಮೊದಲ ಪ್ರಶ್ನೆಗೇ ಅದು ಬಯಲಾಗುತ್ತದೆ.

ಎಲ್ಲವನ್ನೂ ಬರೆದಿಟ್ಟ ಒಂದು ಪೂರ್ಣ ಸಿ.ವಿ. ಮನೆಯಲ್ಲಿರಲಿ. ಕೆಲಸದ ಕರೆ ಬಂದಾಗ ಅದರಿಂದ ಬೇಕಾದಷ್ಟನ್ನೇ ಆರಿಸಿ ರೆಸ್ಯೂಮ್ ಮಾಡಿಕೊಳ್ಳಿ. ಕಳುಹಿಸುವ ಮೊದಲು ಮನೆಯವರಲ್ಲದ ಒಬ್ಬರಿಂದ ಓದಿಸಿ. ಸದಸ್ಯರಲ್ಲಿ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ಇದ್ದೀರಿ; ನಿಮ್ಮ ಊರಿನ ಮಕ್ಕಳಿಗೆ ಅರ್ಧ ಗಂಟೆ ಕೊಡಬೇಕೆಂದು ನಾವು ಕೋರುತ್ತೇವೆ.