ನೋವಿನ ಹೊತ್ತೇ ರೋಗದ ಗುರುತು

ಮುರಿದ ಮೂಳೆ ಕೈಗೆ ಸಿಗುತ್ತದೆ, ಜ್ವರ ಮೈ ಮುಟ್ಟಿದರೆ ತಿಳಿಯುತ್ತದೆ, ಹುಣ್ಣು ಕಣ್ಣಿಗೆ ಕಾಣುತ್ತದೆ. ಬಹುಪಾಲು ತಲೆನೋವುಗಳಿಗೆ ಇಂಥ ಹೊರಗಿನ ಸಾಕ್ಷಿ ಇಲ್ಲ. ನೋಯುವವರು ಹೇಳಬೇಕು, ವೈದ್ಯರು ಕೇಳಬೇಕು, ಆ ಮಾತುಕತೆಯಲ್ಲೇ ರೋಗದ ಗುರುತು ಹತ್ತಬೇಕು. ಹಾಗಾಗಿ ತಲೆನೋವುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ ಚರಿತ್ರೆಯೆಂದರೆ ವೈದ್ಯರು ಯಾವ ಕಾಲದಲ್ಲಿ ಯಾವ ಪ್ರಶ್ನೆ ಕೇಳಿದರು ಎಂಬುದರ ಚರಿತ್ರೆ. ಸುಮಾರು ಎರಡು ಸಾವಿರ ವರ್ಷಗಳ ಆ ದಾರಿಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಜೊತೆಗೆ ಏನೇನನ್ನು ತರುತ್ತದೆ ಎಂದು ಗಮನಿಸಿ ಬರೆದವರ ಮಾತು ಇಂದಿಗೂ ನಿಂತಿದೆ. ನೋವು ಏಕೆ ಬರುತ್ತದೆ ಎಂಬ ಊಹೆಯ ಮೇಲೆ ವಿಂಗಡಣೆ ಕಟ್ಟಿದವರ ಕೆಲಸ ಆ ಊಹೆಯ ಜೊತೆಗೇ ಬಿದ್ದುಹೋಗಿದೆ.

ಈ ಎರಡೂ ದಾರಿಗಳು ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. ಚರಕ ಸಂಹಿತೆಯ ಸೂತ್ರಸ್ಥಾನ 5 ಬಗೆಯ ಶಿರೋರೋಗಗಳನ್ನು ಎಣಿಸುತ್ತದೆ, ಸುಶ್ರುತ ಸಂಹಿತೆಯ ಉತ್ತರತಂತ್ರ 11 ಬಗೆಗಳನ್ನು. ಸುಶ್ರುತದ ಪಟ್ಟಿಯ ಮೊದಲ 7 ಬಗೆಗಳು ಕಾರಣವನ್ನು ಹಿಡಿದು ಹೊರಟವು: ವಾತ, ಪಿತ್ತ, ಕಫ, ಅವು ಮೂರೂ ಕೂಡಿದ್ದು, ರಕ್ತ, ಧಾತುಕ್ಷಯ, ಕ್ರಿಮಿ. ಉಳಿದ 4 ಬಗೆಗಳಾದ ಸೂರ್ಯಾವರ್ತ, ಅನಂತವಾತ, ಅರ್ಧಾವಭೇದಕ, ಶಂಖಕಗಳಲ್ಲಿ ಮಾತ್ರ ನೋವಿನ ನಡವಳಿಕೆಯ ಚಿತ್ರ ಎದ್ದು ಕಾಣುತ್ತದೆ. ಸೂರ್ಯಾವರ್ತವು ಸೂರ್ಯ ಹುಟ್ಟುವಾಗ ಕಣ್ಣು, ಹುಬ್ಬುಗಳಲ್ಲಿ ಮೆಲ್ಲಗೆ ಶುರುವಾಗಿ, ಬಿಸಿಲೇರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುತ್ತದೆ. ಅರ್ಧಾವಭೇದಕವು ತಲೆಯ ಅರ್ಧಭಾಗವನ್ನು ಹಿಡಿದು, ಹದಿನೈದು ದಿನಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಇಲ್ಲವೇ ಇದ್ದಕ್ಕಿದ್ದಂತೆಯೋ ಬರುತ್ತದೆ. ವಾಗ್ಭಟನ ಅಷ್ಟಾಂಗ ಹೃದಯವು ಅದು ಪಕ್ಷಕ್ಕೋ ತಿಂಗಳಿಗೋ ಒಮ್ಮೆ ಕೆರಳಿ ತಾನಾಗಿಯೇ ಶಮನವಾಗುತ್ತದೆ ಎಂಬ ಅಮೂಲ್ಯ ಮಾತನ್ನು ಸೇರಿಸುತ್ತದೆ. ಶಂಖಕವಾದರೋ ಮೂರು ದಿನಗಳಲ್ಲಿ ಪ್ರಾಣ ತೆಗೆಯಬಲ್ಲದ್ದು. ಮರಳಿ ಮರಳಿ ಬಂದು ಬಿಟ್ಟುಹೋಗುವ ನೋವನ್ನೂ ಬೇಗನೆ ಕೊಲ್ಲುವ ನೋವನ್ನೂ ಬೇರೆ ಮಾಡಬೇಕೆಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ, ಮತ್ತು ಆ ವಿಂಗಡಣೆಗೆ ಅಳತೆಗೋಲಾಗಿರುವುದು ಕಾಲ.

ಹಾಗೆಂದು ಅರ್ಧಾವಭೇದಕವೇ ಇಂದಿನ ಮೈಗ್ರೇನ್ ಎಂದು ಸಮೀಕರಿಸಿಬಿಡುವುದು ಸಲ್ಲದು. ಅದು ವಿಪರೀತಕ್ಕೆ ಹೋದರೆ ಕಣ್ಣನ್ನೋ ಕಿವಿಯನ್ನೋ ಕೆಡಿಸುತ್ತದೆ ಎನ್ನುತ್ತವೆ ಗ್ರಂಥಗಳು. ಮೈಗ್ರೇನ್ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಒಂದೇ ಹೆಸರಿನಡಿ ಹಲವು ರೋಗಗಳು ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿದ್ದ ಗ್ರೀಕ್ ವೈದ್ಯ ಕಪ್ಪಡೋಸಿಯದ ಅರೆಟಿಯಸ್‌ನ ವಿವರಣೆಯನ್ನೂ ಇದೇ ಎಚ್ಚರದಿಂದ ಓದಬೇಕು. ಅಲ್ಪಕಾಲದ ನೋವು, ಬಹುಕಾಲ ಬಿಡದ ನೋವು, ಅರ್ಧ ತಲೆಯ ನೋವು ಎಂದು ಅವನು ಮೂರು ಭಾಗ ಮಾಡಿದ. ಮೂರನೆಯದರಲ್ಲಿ ರೋಗಿಗಳು ಬೆಳಕಿಗೆ ಬೆನ್ನು ತಿರುಗಿಸುತ್ತಾರೆ, ಕತ್ತಲಲ್ಲಿ ನೆಮ್ಮದಿ ಕಾಣುತ್ತಾರೆ, ಪಿತ್ತ ಕಾರುತ್ತಾರೆ ಎಂದು ಬರೆದ. ಅವನು ನಂಬಿದ್ದ ದೇಹರಸಗಳ ಸಿದ್ಧಾಂತವನ್ನು ಇಂದು ಯಾವ ನರರೋಗ ತಜ್ಞರೂ ಒಪ್ಪುವುದಿಲ್ಲ. ಬೆಳಕು ಸೇರದಿರುವುದು, ವಾಕರಿಕೆ, ವಾಂತಿ ಮಾತ್ರ ಇಂದಿಗೂ ಮೈಗ್ರೇನ್ ಗುರುತಿಸುವ ಮುಖ್ಯ ಲಕ್ಷಣಗಳಾಗಿ ಉಳಿದಿವೆ.

ಈ ವಾದಕ್ಕೆ ಬಲವಾದ ಪುರಾವೆ ಒದಗುವುದು ಕ್ಲಸ್ಟರ್ ತಲೆನೋವಿನ ಚರಿತ್ರೆಯಿಂದ. 1745ರಲ್ಲಿ ಗೆರಾರ್ಡ್ ಫಾನ್ ಸ್ವೀಟನ್ ಎಂಬ ವೈದ್ಯ ಗಟ್ಟಿಮುಟ್ಟಾದ ನಡುವಯಸ್ಸಿನ ರೋಗಿಯೊಬ್ಬನನ್ನು ವರ್ಣಿಸಿದ. ದಿನವೂ ಅದೇ ಗಂಟೆಗೆ ಎಡಗಣ್ಣಿನ ಮೇಲೆ ನೋವು, ಕಣ್ಣು ಕೆಂಪು, ಧಾರೆಯಾಗಿ ನೀರು, ಕೆಲವು ಗಂಟೆಗಳ ಬಳಿಕ ಏನೂ ಇಲ್ಲ. ಇಂದಿನ ವೈದ್ಯ ವಿದ್ಯಾರ್ಥಿಯೂ ಇದನ್ನು ಓದಿ ರೋಗವನ್ನು ಗುರುತಿಸಬಲ್ಲ. ಸುಮಾರು ಎರಡು ಶತಮಾನಗಳ ನಂತರ, 1939ರಲ್ಲಿ, ಅಮೆರಿಕದ ಬೇಯಾರ್ಡ್ ಹಾರ್ಟನ್ ಇದೇ ರೋಗವನ್ನು ಬಹಳ ರೋಗಿಗಳಲ್ಲಿ ಕಂಡು, ಹಿಸ್ಟಮೀನ್ ಎಂಬ ರಾಸಾಯನಿಕವೇ ಮೂಲವೆಂದು ನಂಬಿ, ಅದರ ಹೆಸರನ್ನೇ ರೋಗಕ್ಕೂ ಇಟ್ಟು, ಚಿಕಿತ್ಸೆಯನ್ನೂ ಅದರ ಮೇಲೇ ರೂಪಿಸಿದರು. ಆ ನಂಬಿಕೆ ಉಳಿಯಲಿಲ್ಲ. 1950ರ ದಶಕದಲ್ಲಿ, ವಾರಗಟ್ಟಲೆ ದಿನವೂ ಬಂದು, ಆಮೇಲೆ ತಿಂಗಳುಗಟ್ಟಲೆ ಸುಳಿಯದೆ, ಮತ್ತೆ ಗುಂಪಾಗಿ ಬರುವ ಅದರ ಕ್ರಮವನ್ನೇ ಗುರುತಾಗಿಸಿದ ಹೆಸರು ಬಂತು. ಅದು ಉಳಿಯಿತು.

ಮೈಗ್ರೇನ್ ವಿಷಯದಲ್ಲಿ ಈ ಪಾಠ ಕಲಿಯಲು ಇನ್ನೂ ತಡವಾಯಿತು. 1870ರಲ್ಲಿ ಹ್ಯೂಬರ್ಟ್ ಏರಿ ತಮ್ಮ ಕಣ್ಣ ಮುಂದೆ ಹುಟ್ಟಿ ಹರಡುತ್ತಿದ್ದ ಅಂಕುಡೊಂಕು ಬೆಳಕಿನ ರೇಖೆಗಳನ್ನು ಚಿತ್ರಿಸಿ ಪ್ರಕಟಿಸಿದರು. 1873ರಲ್ಲಿ ಎಡ್ವರ್ಡ್ ಲಿವಿಂಗ್ ಮೈಗ್ರೇನ್ ಎಂದರೆ ನರಮಂಡಲದ ಬಿರುಗಾಳಿ ಎಂದು ವಾದಿಸಿದರು. 1941ರಲ್ಲಿ ಕಾರ್ಲ್ ಲ್ಯಾಶ್ಲಿ ತಮ್ಮದೇ ದೃಷ್ಟಿಯಲ್ಲಿ ಹರಡುವ ಕುರುಡು ಕಲೆಯನ್ನು ಹೊತ್ತು ನೋಡಿ ದಾಖಲಿಸಿ, ಮಿದುಳಿನ ಮೇಲ್ಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದು ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವೊ ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹಬ್ಬುವ ವಿದ್ಯುತ್ ಚಟುವಟಿಕೆಯ ಸ್ತಬ್ಧತೆಯನ್ನು ಕಂಡರು. ಆದರೆ ಆ ಕಾಲದಲ್ಲಿ ಗೆದ್ದದ್ದು ಹೆರಾಲ್ಡ್ ವುಲ್ಫ್ ಅವರ ರಕ್ತನಾಳ ಸಿದ್ಧಾಂತ. ಎರ್ಗೊಟಮೀನ್ ಎಂಬ ಔಷಧ ಕೊಟ್ಟಾಗ ಹಣೆಯ ಪಕ್ಕದ ನಾಳದ ಮಿಡಿತವೂ ನೋವೂ ಒಟ್ಟಿಗೆ ಇಳಿಯುತ್ತವೆ ಎಂದು 1938ರಲ್ಲಿ ತೋರಿಸಿಕೊಟ್ಟಿದ್ದ ಪ್ರಯೋಗ ಎಲ್ಲರನ್ನೂ ಒಪ್ಪಿಸಿತ್ತು. 1962ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ತಲೆನೋವುಗಳನ್ನು 15 ಗುಂಪುಗಳಾಗಿ ವಿಂಗಡಿಸಿದಾಗ ಮೈಗ್ರೇನ್ ರಕ್ತನಾಳದ ತಲೆನೋವಾಯಿತು, ಸಾಮಾನ್ಯ ಒತ್ತುವ ತಲೆನೋವು ಸ್ನಾಯು ಸಂಕೋಚನದ ತಲೆನೋವಾಯಿತು. ಲಕ್ಷಣಗಳ ವಿವರಣೆಯಲ್ಲಿ ‘ಸಾಮಾನ್ಯವಾಗಿ’ ಎಂಬಂಥ ಸಡಿಲ ಮಾತುಗಳಿದ್ದುದರಿಂದ ಒಬ್ಬ ವೈದ್ಯರ ಮೈಗ್ರೇನ್ ಇನ್ನೊಬ್ಬರಿಗೆ ಬೇರೆಯೇ ಆಗಬಹುದಿತ್ತು.

1988ರಲ್ಲಿ ಡೆನ್ಮಾರ್ಕ್‌ನ ಯೆಸ್ ಓಲೆಸನ್ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ತಲೆನೋವು ಸಂಘ ಪ್ರಕಟಿಸಿದ ವರ್ಗೀಕರಣ ಈ ಗೊಂದಲವನ್ನು ಮುರಿಯಿತು. ಮೈಗ್ರೇನ್ ಎನ್ನಲು ಕನಿಷ್ಠ 5 ಬಾರಿ ಬಂದಿರಬೇಕು, ಔಷಧವಿಲ್ಲದಿದ್ದರೆ 4ರಿಂದ 72 ಗಂಟೆ ಇರಬೇಕು. ಒಂದೇ ಪಕ್ಕ, ಮಿಡಿಯುವ ನೋವು, ಸಾಕಷ್ಟು ತೀವ್ರತೆ, ನಡೆದಾಡಿದರೆ ಹೆಚ್ಚುವುದು ಎಂಬ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಸದ್ದುಗಳೆರಡೂ ಸಹಿಸದಿರುವುದು ಕಾಣಬೇಕು. 2018ರ ಮೂರನೆಯ ಆವೃತ್ತಿಯಲ್ಲೂ ಈ ಚೌಕಟ್ಟು ಹಾಗೆಯೇ ಇದೆ. ಸಾಮಾನ್ಯ ಒತ್ತುವ ಬಗೆಯದಾದ ಟೆನ್ಷನ್ ತಲೆನೋವು ಅರ್ಧ ಗಂಟೆಯಿಂದ 7 ದಿನ ಇರಬಹುದು, ಕ್ಲಸ್ಟರ್ 15ರಿಂದ 180 ನಿಮಿಷ. ಸುಶ್ರುತದಲ್ಲಿ ಹದಿನೈದು ದಿನ, ಹತ್ತು ದಿನಗಳ ರೂಪದಲ್ಲಿ ಕಾಣಿಸಿಕೊಂಡಿದ್ದ ಕಾಲದ ಅಳತೆ ಇಲ್ಲಿ ಕಾರಣಗಳ ಹಂಗು ತೊರೆದು ಮುನ್ನೆಲೆಗೆ ಬಂತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. 4 ಗಂಟೆಯ ನೋವು ಮೈಗ್ರೇನ್, ಮೂರೂವರೆ ಗಂಟೆಯದ್ದು ಅಲ್ಲವೇ ಎಂದು ಕೇಳಬಹುದು. ಗೆರೆಯನ್ನು ಮನುಷ್ಯರೇ ಎಳೆದದ್ದು ನಿಜ. ಆದರೆ ಎಲ್ಲರೂ ಒಂದೇ ಗೆರೆಯನ್ನು ಹಿಡಿದರೆ ಮಾತ್ರ ಅದು ತಪ್ಪೋ ಸರಿಯೋ ಎಂದು ಪರೀಕ್ಷಿಸಲು ಬರುತ್ತದೆ. ಊಹೆಗಳಿಂದಲೇ ಅಲ್ಲವೇ ಔಷಧಗಳು ಹುಟ್ಟಿದ್ದು ಎಂಬುದು ಎರಡನೆಯ ಆಕ್ಷೇಪ. ರಕ್ತನಾಳ ಸಿದ್ಧಾಂತ ಔಷಧದ ಹುಡುಕಾಟಕ್ಕೆ ದಾರಿ ತೋರಿದ್ದು ಹೌದು. ಆದರೆ ಆ ಔಷಧ ಯಾರಿಗೆ ನಾಟುತ್ತದೆ ಎಂದು ತಿಳಿಯಲು ಒಂದೇ ಬಗೆಯ ರೋಗಿಗಳನ್ನು ಒಟ್ಟುಗೂಡಿಸಬೇಕಿತ್ತು. ಆ ಕೆಲಸವನ್ನು ಮಾಡಿಕೊಟ್ಟದ್ದು ಲಕ್ಷಣಗಳ ಪಟ್ಟಿ. 1996ರಲ್ಲಿ ಮೈಗ್ರೇನಿನ ಒಂದು ಅಪರೂಪದ ಆನುವಂಶಿಕ ಬಗೆಯ ಜೀನ್ ಪತ್ತೆಯಾದದ್ದೂ ಕುಟುಂಬದಲ್ಲಿ ಯಾರಿಗೆ ರೋಗವಿದೆ, ಯಾರಿಗಿಲ್ಲ ಎಂದು ಖಚಿತವಾಗಿ ಹೇಳಲು ಬಂದಿದ್ದರಿಂದ. ಲಕ್ಷಣವನ್ನು ಮುಂದಿಟ್ಟದ್ದು ಕಾರಣದ ಶೋಧಕ್ಕೆ ಬೆನ್ನು ಮಾಡಿದಂತಲ್ಲ, ಆ ಶೋಧಕ್ಕೆ ನೆಲ ಹದ ಮಾಡಿದಂತೆ.

ಸ್ಕ್ಯಾನ್ ಇರುವಾಗ ಇಷ್ಟೆಲ್ಲ ಪ್ರಶ್ನೆಗಳೇಕೆ ಎಂಬುದು ಮೂರನೆಯ, ಇಂದು ಹೆಚ್ಚು ಕೇಳಿಬರುವ ಮಾತು. 1891ರಲ್ಲಿ ಕ್ವಿಂಕೆ ಎಂಬ ವೈದ್ಯರು ಪರಿಚಯಿಸಿದ ಬೆನ್ನುನೀರಿನ ಪರೀಕ್ಷೆ ಮಿದುಳಿನ ಪೊರೆಯ ಉರಿಯೂತವನ್ನು ತೋರಿಸಿತು. 1971ರಲ್ಲಿ ಮೊದಲ ರೋಗಿಯ ಮೇಲೆ ಬಳಸಿದ ಸಿ.ಟಿ. ಸ್ಕ್ಯಾನ್ ತಲೆಯೊಳಗಿನ ಗಡ್ಡೆ, ರಕ್ತಸ್ರಾವಗಳನ್ನು ಕಾಣಿಸಿತು. ಇವು ಅಸಂಖ್ಯ ಜೀವ ಉಳಿಸಿವೆ. ಆದರೆ ಮೈಗ್ರೇನ್, ಟೆನ್ಷನ್, ಕ್ಲಸ್ಟರ್‌ಗಳಲ್ಲಿ ಸ್ಕ್ಯಾನ್ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ. ಅದು ಏನು ಅಲ್ಲವೆಂದು ಹೇಳುತ್ತದೆ, ಏನೆಂದು ಹೇಳುವುದಿಲ್ಲ. ಯಾರಿಗೆ ತುರ್ತಾಗಿ ಸ್ಕ್ಯಾನ್ ಬೇಕು ಎಂಬುದನ್ನು ನಿರ್ಧರಿಸುವುದೂ ಪ್ರಶ್ನೆಗಳೇ. ಒಂದೇ ನಿಮಿಷದೊಳಗೆ ತುದಿ ಮುಟ್ಟಿದ ನೋವೇ? ಜ್ವರದ ಜೊತೆ ಕುತ್ತಿಗೆ ಬಿಗಿದಿದೆಯೇ? 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಬಂದದ್ದೇ? ಕೈಕಾಲಿನ ಬಲ ಕುಂದಿದೆಯೇ? ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸಾಕ್ಷಿ. ಸೈನಸ್ ತಲೆನೋವೆಂದು ತಾವೋ ವೈದ್ಯರೋ ತೀರ್ಮಾನಿಸಿದ್ದ ಸುಮಾರು 3,000 ಜನರಲ್ಲಿ 88% ಮಂದಿಯ ಲಕ್ಷಣಗಳು ನಿಜಕ್ಕೂ ಮೈಗ್ರೇನ್ ಬಗೆಯವಾಗಿದ್ದವು.

ಕರ್ನಾಟಕಕ್ಕೆ ಈ ಚರಿತ್ರೆ ದೂರದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ನಗರ ಮತ್ತು ಹಳ್ಳಿಗಳ 2,329 ವಯಸ್ಕರನ್ನು ಪ್ರಶ್ನಾವಳಿ ಹಿಡಿದು ಸಂದರ್ಶಿಸಿದಾಗ, ಒಂದು ವರ್ಷದಲ್ಲಿ 63.9% ಜನರಿಗೆ ತಲೆನೋವು ಬಂದದ್ದೂ, ಸುಮಾರು ಕಾಲುಭಾಗದ ಜನರಿಗೆ ಮೈಗ್ರೇನ್ ಇದ್ದದ್ದೂ ತಿಳಿಯಿತು. ಸ್ಕ್ಯಾನ್ ಯಂತ್ರವಿಲ್ಲದ ಊರಲ್ಲೂ ರೋಗವನ್ನು ಗುರುತಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ. ತಿಂಗಳಿಗೆ 15 ದಿನ ಅಥವಾ ಹೆಚ್ಚು ನೋವಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಅದನ್ನು ಕಂಡುಹಿಡಿಯಲು ಸಹ ದಿನಾಂಕ ಬರೆದಿಟ್ಟ ಒಂದು ಡೈರಿ ಸಾಕು. ಹಾಗಾಗಿ ರೋಗಿಗೆ ಮಾತಾಡಲು ಹತ್ತು ನಿಮಿಷ ಕೊಡುವುದನ್ನು ಸೌಜನ್ಯವೆಂದು ಎಣಿಸಬಾರದು. ತಲೆನೋವಿನ ಮಟ್ಟಿಗೆ ಅದೇ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆ ಹೊತ್ತನ್ನು ಒದಗಿಸುವುದು, ಪ್ರಶ್ನೆಗಳನ್ನು ಕ್ರಮವಾಗಿ ಕೇಳಲು ವೈದ್ಯರನ್ನೂ ದಾದಿಯರನ್ನೂ ತರಬೇತುಗೊಳಿಸುವುದು ಯಾವ ಹೊಸ ಯಂತ್ರ ಕೊಳ್ಳುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ.