ಹನಿಗೂಡಿ ಉಳಿದ ಹಡಗು

1961ರ ಏಪ್ರಿಲ್ 24ರಂದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ಬಂದರಿನಲ್ಲಿ ಸಾವಿರಾರು ಜನ ನೀರನ್ನೇ ದಿಟ್ಟಿಸುತ್ತ ನಿಂತಿದ್ದರು. ಟಿ.ವಿ.ಯಲ್ಲಿ ನೇರ ಪ್ರಸಾರವೂ ನಡೆದಿತ್ತು. ನಿಧಾನವಾಗಿ ನೀರನ್ನು ಸೀಳಿಕೊಂಡು ಕೆಲವು ಕಪ್ಪು ಮರದ ತುದಿಗಳು ಮೇಲೆದ್ದವು. 330ಕ್ಕೂ ಹೆಚ್ಚು ವರ್ಷ ಕೆಸರಿನಲ್ಲಿ ಹುದುಗಿದ್ದ ‘ವಾಸಾ’ ಎಂಬ ಯುದ್ಧನೌಕೆ ಮತ್ತೆ ಬೆಳಕು ಕಂಡಿತು.

ವಾಸಾ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುವುದುಂಟು. ಆದರೆ ಹಡಗನ್ನು ಎತ್ತಿದವರ ಪಾಲಿಗೆ ಅದು ನಡುದಾರಿ ಮಾತ್ರ. ಅದು ತನ್ನ ಶಾಶ್ವತ ವಸ್ತುಸಂಗ್ರಹಾಲಯದಲ್ಲಿ ನೆಲೆಗೊಂಡು ಜನರಿಗೆ ತೆರೆದುಕೊಂಡದ್ದು 1990ರಲ್ಲಿ. ನಡುವಿನ 29 ವರ್ಷಗಳಲ್ಲಿ ನಡೆದದ್ದು ಸಂಭ್ರಮದ ಕೆಲಸವಲ್ಲ; ದಿನವೂ ಒಂದೇ ಬಗೆಯ, ಫಲ ಕಣ್ಣಿಗೆ ಕಾಣದ ದುಡಿಮೆ. ಅಷ್ಟು ದೀರ್ಘ ಕಾಲ ಒಂದು ಕೆಲಸದ ಉತ್ಸಾಹ ಬತ್ತದಂತೆ ಉಳಿದದ್ದು ಹೇಗೆ?

ಮೊದಲು ಹಡಗಿನ ಹಿನ್ನೆಲೆ. ದೊರೆ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ವಾಸಾ, 64 ತೋಪುಗಳನ್ನು ಹೊತ್ತ, ನೂರಾರು ಕೆತ್ತನೆಗಳಿಂದ ಅಲಂಕೃತವಾದ ನೌಕೆ. ಮೇಲ್ಭಾಗದ ಭಾರಕ್ಕೆ ತಕ್ಕ ಅಗಲ ಅದರ ಒಡಲಿಗೆ ಇರಲಿಲ್ಲ. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು ಒಂದೂವರೆ ಕಿಲೋಮೀಟರನ್ನೂ ದಾಟಿರಲಿಲ್ಲ. ಗಾಳಿ ಬೀಸಿತು, ಹಡಗು ವಾಲಿತು, ತೆರೆದಿದ್ದ ಕೆಳಸಾಲಿನ ತೋಪುಗಂಡಿಗಳಿಂದ ನೀರು ನುಗ್ಗಿತು. ಹತ್ತಾರು ಜನರೊಂದಿಗೆ ವಾಸಾ ಮುಳುಗಿತು. ಬಾಲ್ಟಿಕ್ ಸಮುದ್ರದ ಈ ಭಾಗದ ನೀರಿನಲ್ಲಿ ಉಪ್ಪಿನ ಅಂಶ ಕಡಿಮೆ. ಮರವನ್ನು ಕೊರೆದು ತಿನ್ನುವ ಹಡಗುಹುಳು ಅಲ್ಲಿ ಬದುಕಲಾರದು. ಓಕ್ ಮರದ ಈ ನೌಕೆ ಬಹುಮಟ್ಟಿಗೆ ಇಡಿಯಾಗಿ ಉಳಿಯಲು ಅದೇ ಮುಖ್ಯ ಕಾರಣ.

ಅದನ್ನು ಪತ್ತೆ ಹಚ್ಚಿದವನು ಆಂಡರ್ಸ್ ಫ್ರಾನ್ಸೆನ್ ಎಂಬ ಎಂಜಿನಿಯರ್. ವೃತ್ತಿಯಿಂದ ಪುರಾತತ್ವಜ್ಞನಲ್ಲ, ಹವ್ಯಾಸಿ. ಹಳೆಯ ಕಡತಗಳನ್ನು ಓದುತ್ತ, ದೋಣಿಯಲ್ಲಿ ಕುಳಿತು ಬಂದರಿನ ತಳವನ್ನು ಜಾಲಾಡುತ್ತ ಅವನು ವರ್ಷಗಳನ್ನೇ ಕಳೆದ. ಸಿಕ್ಕಿದ್ದು ತುಕ್ಕು ಹಿಡಿದ ಒಲೆಗಳು, ಸೈಕಲ್ಲುಗಳು, ಸತ್ತ ಬೆಕ್ಕುಗಳು. 1956ರ ಆಗಸ್ಟ್‌ನಲ್ಲಿ ಅವನು ಇಳಿಬಿಟ್ಟ ಉಪಕರಣದ ತುದಿಗೆ ಕಪ್ಪಾದ ಓಕ್ ಮರದ ಒಂದು ಚೂರು ಅಂಟಿಕೊಂಡು ಬಂತು. ಬಳಿಕ ನೌಕಾಪಡೆಯ ಮುಳುಗುಗಾರ ಪೆರ್ ಎಡ್ವಿನ್ ಫೆಲ್ಟಿಂಗ್ 32 ಮೀಟರ್ ಆಳಕ್ಕಿಳಿದ. ಕೆಸರು, ಗಾಢ ಕತ್ತಲೆ. ಕೈಯಿಂದ ತಡವಿದಾಗ ಮರದ ಗೋಡೆ ಸಿಕ್ಕಿತು. ಅದರಲ್ಲೊಂದು ಚೌಕಾಕಾರದ ಕಂಡಿ. ಮೇಲೆ ಅಂಥದೇ ಕಂಡಿಗಳ ಇನ್ನೊಂದು ಸಾಲು. ಎರಡು ಸಾಲು ತೋಪುಗಳ ಹಡಗು ಎಂಬುದು ಖಚಿತವಾಯಿತು.

ಅಲ್ಲಿಂದ ಮುಂದಿನ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದುಕೊಂಡದ್ದು ಗಮನಿಸಬೇಕಾದ ಸಂಗತಿ. ಮೊದಲು ಹಡಗಿನ ಅಡಿಯಲ್ಲಿ ಆರು ಸುರಂಗಗಳು. ನೀರಿನ ಬಿರುಸಾದ ಧಾರೆಯಿಂದ ಮಣ್ಣನ್ನು ಕೊರೆಯುತ್ತ ಮುಳುಗುಗಾರರು ಕತ್ತಲಲ್ಲಿ ತೆವಳಿದರು. ತಲೆಯ ಮೇಲೆ ನೂರಾರು ಟನ್ ಭಾರದ ಹಳೆಯ ಹಡಗು; ಅದು ಯಾವ ಗಳಿಗೆಯಲ್ಲಿ ಕುಸಿದೀತೆಂದು ಹೇಳುವವರಿರಲಿಲ್ಲ. ಈ ಕೆಲಸ 1959ರವರೆಗೆ ನಡೆಯಿತು. ಅನಂತರ ಸುರಂಗಗಳಲ್ಲಿ ಉಕ್ಕಿನ ಹಗ್ಗ ತೂರಿಸಿ, ತೇಲುವ ಪೊಂಟೂನ್‌ಗಳಿಗೆ ಕಟ್ಟಿ, ಹಡಗನ್ನು ಸ್ವಲ್ಪ ಎತ್ತುವುದು, ಅದು ಮತ್ತೆ ನೆಲ ಮುಟ್ಟುವವರೆಗೆ ಕಡಿಮೆ ಆಳದ ಕಡೆಗೆ ಎಳೆಯುವುದು, ಮತ್ತೆ ಎತ್ತುವುದು. ಹೀಗೆ 18 ಹಂತಗಳಲ್ಲಿ 32 ಮೀಟರ್ ಆಳದಿಂದ 16 ಮೀಟರ್‌ಗೆ ತಂದರು. ಪ್ರತಿ ಹಂತವೂ ತನ್ನಷ್ಟಕ್ಕೆ ಮುಗಿಯುವ ಒಂದು ಕೆಲಸ. ಕೊನೆಯ ಎತ್ತುವಿಕೆಗೆ ಮುನ್ನ ಇನ್ನೂ ಒಂದೂವರೆ ವರ್ಷ ಹಿಡಿಯಿತು. ಕಬ್ಬಿಣದ ಮೊಳೆಗಳು ತುಕ್ಕಿನಿಂದ ಕರಗಿ ಉಳಿದಿದ್ದ ಸಾವಿರಾರು ರಂಧ್ರಗಳಿಗೆ ಮುಳುಗುಗಾರರು ಒಂದೊಂದಾಗಿ ಬೆಣೆ ಹೊಡೆದರು.

ಮೇಲೆ ಬಂದ ಹಡಗಿಗೆ ಈಗ ಗಾಳಿಯೇ ಶತ್ರುವಾಯಿತು. ಶತಮಾನಗಳ ಕಾಲ ನೀರು ಹೀರಿದ ಮರ ತಾನಾಗಿ ಒಣಗಿದರೆ ಅದರ ಜೀವಕೋಶಗಳು ಕುಸಿದು, ಹಲಗೆಗಳು ಬಿರಿದು ಸೊಟ್ಟಗಾಗುತ್ತವೆ. ನೀರು ಹೊರಹೋಗುವಾಗ ಅದರ ಜಾಗಕ್ಕೆ ಬೇರೇನಾದರೂ ಸೇರಬೇಕು. ಅದಕ್ಕಾಗಿ ಆರಿಸಿದ್ದು ಪಾಲಿಎಥಿಲೀನ್ ಗ್ಲೈಕಾಲ್. ಇದು ಮೇಣದಂಥ, ಆದರೆ ನೀರಿನಲ್ಲಿ ಕರಗುವ ರಾಸಾಯನಿಕ. ಮುಲಾಮು, ಸೌಂದರ್ಯಸಾಧನಗಳಲ್ಲೂ ಬಳಕೆಯಾಗುತ್ತದೆ. ಇಷ್ಟು ದೊಡ್ಡ ವಸ್ತುವಿನ ಮೇಲೆ ಅದನ್ನು ಅದುವರೆಗೆ ಯಾರೂ ಪ್ರಯೋಗಿಸಿರಲಿಲ್ಲ. ಸಂರಕ್ಷಣೆಯ ಮುಖ್ಯಸ್ಥನಾಗಿದ್ದ ಲಾರ್ಸ್ ಬಾರ್ಕ್‌ಮನ್ ಮತ್ತು ಸಂಗಡಿಗರು ಕೆಲಸ ಮಾಡುತ್ತಲೇ ಕಲಿಯಬೇಕಾಯಿತು.

1962ರಲ್ಲಿ ಸಿಂಪಡಣೆ ಆರಂಭವಾಯಿತು. ಮೊದಲು ಕೈಯಿಂದಲೇ, ಮುಂದೆ 500ರಷ್ಟು ಸಿಂಪಡಣಾ ಮೂತಿಗಳ ಸ್ವಯಂಚಾಲಿತ ವ್ಯವಸ್ಥೆ ಬಂತು. ಹಗಲು ರಾತ್ರಿ, ವರ್ಷದ ಮೇಲೆ ವರ್ಷ ದ್ರಾವಣ ಮಳೆಯಂತೆ ಸುರಿಯಿತು. ಅವಸರ ಮಾಡುವಂತಿರಲಿಲ್ಲ. ದ್ರಾವಣದ ಸಾಂದ್ರತೆಯನ್ನು ಹಂತಹಂತವಾಗಿಯೇ ಏರಿಸಬೇಕಿತ್ತು. 1979ರಲ್ಲಿ ಸಿಂಪಡಣೆ ನಿಂತಾಗ 17 ವರ್ಷ ಸಂದಿತ್ತು. ಆಮೇಲೆ ಇನ್ನೂ ಒಂಬತ್ತು ವರ್ಷ ನಿಧಾನವಾಗಿ ಒಣಗಿಸುವ ಕೆಲಸ. 1962ರಲ್ಲಿ ನಲವತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವನೊಬ್ಬ ಅದು ಮುಗಿಯುವ ಹೊತ್ತಿಗೆ ಅರುವತ್ತು ದಾಟಿರುತ್ತಿದ್ದ.

ಇಂಥ ಕೆಲಸವನ್ನು ಕೇವಲ ಛಲದಿಂದ ನಡೆಸಲಾಗದು. ಛಲ ಎತ್ತುವ ದಿನಕ್ಕೆ ಸಾಕು, ಸಿಂಪಡಿಸುವ ಆರು ಸಾವಿರ ದಿನಗಳಿಗೆ ಸಾಲದು. ವಾಸಾದ ಕೆಲಸಗಾರರ ನೆರವಿಗೆ ಬಂದದ್ದು ಎರಡು ಸಂಗತಿಗಳು.

ಮೊದಲನೆಯದು, ಕೆಲಸವನ್ನು ಮುಚ್ಚಿಡದೇ ಇದ್ದದ್ದು. ತೇಲುವ ಪೊಂಟೂನಿನ ಮೇಲೆ ಕಟ್ಟಿದ ತಾತ್ಕಾಲಿಕ ಮನೆಯಲ್ಲಿ ಹಡಗಿತ್ತು. ಅದನ್ನು ಸಿಂಪಡಣೆಯ ಕಾಲದಲ್ಲೇ ಜನರಿಗೆ ತೆರೆಯಲಾಯಿತು. ಲಕ್ಷಾಂತರ ಜನ ಮಂಜಿನಂಥ ತುಂತುರಿನ ನಡುವೆ ಅರೆಬರೆ ಕಾಣುತ್ತಿದ್ದ ಹಡಗನ್ನು ನೋಡಿ ಹೋದರು. ಶಾಲೆಯ ಮಕ್ಕಳಾಗಿ ಬಂದವರು ಮುಂದೆ ತಮ್ಮ ಮಕ್ಕಳ ಕೈಹಿಡಿದು ಬರುವಷ್ಟು ಕಾಲ ಅದು ಹಾಗೆಯೇ ನಿಂತಿತ್ತು. ಮುಗಿಯದ ಕೆಲಸಕ್ಕೂ ಸಾಕ್ಷಿಗಳಿದ್ದರು.

ಎರಡನೆಯದು, ನಿಧಾನದ ಕೆಲಸದ ಪಕ್ಕದಲ್ಲೇ ನಡೆಯುತ್ತಿದ್ದ ಇನ್ನೊಂದು ಕೆಲಸ. ಕಳಚಿ ಬಿದ್ದಿದ್ದ ಸುಮಾರು 14,000 ಮರದ ಭಾಗಗಳನ್ನು ಹಡಗಿಗೆ ಮರಳಿ ಜೋಡಿಸಬೇಕಿತ್ತು. ವಾಸಾ ಕಟ್ಟಿದಾಗಿನ ನಕ್ಷೆ ಇರಲಿಲ್ಲ. ಆ ಕಾಲದ ಬಡಗಿಗಳು ನಕ್ಷೆ ಬರೆದು ಹಡಗು ಕಟ್ಟುತ್ತಿರಲಿಲ್ಲ. ಒಂದು ಸಿಂಹದ ಕೆತ್ತನೆಯೋ ಒಂದು ಹಲಗೆಯೋ ಎಲ್ಲಿಯದೆಂದು ತಿಳಿಯಲು ಮೊಳೆ ಹೊಡೆದ ತೂತುಗಳೇ ಗುರುತು. ಹಲಗೆಯ ತೂತು ಹಡಗಿನ ತೂತಿಗೆ ಕೂಡಿದರೆ ಅದರ ಜಾಗ ಸಿಕ್ಕಂತೆ. ಸಿಂಪಡಣೆಯ ಫಲ ಕಾಣಲು ಹತ್ತಾರು ವರ್ಷ ಕಾಯಬೇಕು. ಆದರೆ ಒಂದು ತುಂಡು ತನ್ನ ಜಾಗಕ್ಕೆ ಕುಳಿತದ್ದು ಆ ದಿನವೇ ಕಾಣುತ್ತದೆ. ದೂರದ ಗುರಿಗೆ ದುಡಿಯುವವರಿಗೆ ಹತ್ತಿರದ ಇಂಥ ಗೆಲುವು ಅನ್ನದಷ್ಟೇ ಅಗತ್ಯ.

1990ರಲ್ಲಿ ವಸ್ತುಸಂಗ್ರಹಾಲಯ ತೆರೆದಾಗ ಕೆಲಸ ಮುಗಿಯಿತೆಂದು ಭಾವಿಸಿದ್ದರೆ ಅದು ಸಹಜವೇ. ಹತ್ತು ವರ್ಷ ಕಳೆಯುವುದರೊಳಗೆ ಆ ನೆಮ್ಮದಿ ಹೋಯಿತು. 2000ದ ತೇವದ ಬೇಸಿಗೆಯಲ್ಲಿ ಮರದ ಮೇಲೆ ಬಿಳಿ, ಹಳದಿ ಬಣ್ಣದ ಹುಡಿ ಕಾಣಿಸಿಕೊಂಡಿತು. ಬಂದರಿನ ಕಲುಷಿತ ನೀರಿನಿಂದ ಮರ ಹೀರಿಕೊಂಡಿದ್ದ ಗಂಧಕ, ತುಕ್ಕಿನ ಕಬ್ಬಿಣದ ಪ್ರಭಾವದಿಂದ ಗಂಧಕಾಮ್ಲವಾಗುತ್ತಿತ್ತು. ಕಟ್ಟಡದ ಉಷ್ಣತೆ, ತೇವಾಂಶಗಳನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ಸುಧಾರಿಸಬೇಕಾಯಿತು. 2011ರಿಂದ 2018ರವರೆಗೆ ಐದು ಸಾವಿರಕ್ಕೂ ಹೆಚ್ಚು ಕಬ್ಬಿಣದ ಬೋಲ್ಟುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಕೂರಿಸಲಾಯಿತು. ತನ್ನ ಭಾರಕ್ಕೆ ತಾನೇ ಜಗ್ಗುತ್ತಿರುವ ಒಡಲಿಗೆ ಹೊಸ ಆಧಾರ ಕೊಡುವ ಕೆಲಸವನ್ನೂ ಸಂಗ್ರಹಾಲಯ ಕೈಗೆತ್ತಿಕೊಂಡಿದೆ.

ಹಡಗನ್ನು ಹುಡುಕಿದ ಫ್ರಾನ್ಸೆನ್ 1993ರಲ್ಲಿ ತೀರಿಕೊಂಡ. ಕೆಲಸ ಅವನಿಗಾಗಿ ನಿಲ್ಲಲಿಲ್ಲ. ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತದೆ ನಮ್ಮ ಗಾದೆ. ವಾಸಾದಲ್ಲಿ ಕೂಡಿಕೊಂಡದ್ದು ದ್ರಾವಣದ ಹನಿಗಳಷ್ಟೇ ಅಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ದಿನಗಳು. ಇಂದು ಅಲ್ಲಿ ಹಡಗಿನ ಚಲನೆಯನ್ನು ಮಿಲಿಮೀಟರ್‌ಗಳಲ್ಲಿ ಅಳೆದು ದಾಖಲಿಸುವವರಲ್ಲಿ ಹಲವರು, ಅದು ನೀರಿನಿಂದ ಮೇಲೆದ್ದ ದಿನ ಇನ್ನೂ ಹುಟ್ಟಿರಲಿಲ್ಲ.